ರೋಗಪತ್ತೆ ಪರೀಕ್ಷೆಗಳ ನಿಖರತೆಯ ಸಂಖ್ಯಾಶಾಸ್ತ್ರೀಯ ಅಳತೆಗಳು

ರೋಗಪತ್ತೆ ಪರೀಕ್ಷೆಗಳ ನಿಖರತೆಯ ಅಳತೆಗಳು ಎಂದರೆ, ಒಂದು ವೈದ್ಯಕೀಯ ಪರೀಕ್ಷೆಯು ರೋಗವಿರುವವರನ್ನೂ ಇಲ್ಲದವರನ್ನೂ ಎಷ್ಟರಮಟ್ಟಿಗೆ ಸರಿಯಾಗಿ ಬೇರ್ಪಡಿಸುತ್ತದೆ ಎಂಬುದನ್ನು ಸಂಖ್ಯೆಗಳಲ್ಲಿ ತಿಳಿಸುವ ಮಾನಗಳು. ಸೂಕ್ಷ್ಮತೆ, ನಿರ್ದಿಷ್ಟತೆ, ಧನಾತ್ಮಕ ಮತ್ತು ಋಣಾತ್ಮಕ ಮುನ್ಸೂಚಕ ಮೌಲ್ಯಗಳು, ಸಂಭವನೀಯತಾ ಅನುಪಾತಗಳು, ಆರ್‌ಒಸಿ ವಕ್ರರೇಖೆ ಇವುಗಳಲ್ಲಿ ಮುಖ್ಯವಾದವು. ರಕ್ತಪರೀಕ್ಷೆ, ಕಫಪರೀಕ್ಷೆ ಮತ್ತು ಕ್ಷಕಿರಣ ಚಿತ್ರಗಳಿಗೆ ಮಾತ್ರವಲ್ಲದೆ, "ಎರಡು ವಾರದಿಂದ ಕೆಮ್ಮು ಇದೆಯೇ?" ಎಂದು ವೈದ್ಯರು ಕೇಳುವ ಸರಳ ಪ್ರಶ್ನೆಗೂ ಈ ಅಳತೆಗಳು ಅನ್ವಯಿಸುತ್ತವೆ. ಯಾವ ಪರೀಕ್ಷೆಯೂ ಸಂಪೂರ್ಣವಾಗಿ ದೋಷರಹಿತವಲ್ಲ. ಆದುದರಿಂದ ಪರೀಕ್ಷೆಯ ವರದಿಯನ್ನು ಎಷ್ಟು ನಂಬಬೇಕು, ಮರುಪರೀಕ್ಷೆ ಯಾವಾಗ ಬೇಕು ಎಂಬ ನಿರ್ಧಾರಗಳು ಈ ಅಳತೆಗಳನ್ನು ಅವಲಂಬಿಸಿವೆ. ಕರ್ನಾಟಕದಲ್ಲಿ ಎಚ್‌ಐವಿ, ಕ್ಷಯ ಮತ್ತು ಕೋವಿಡ್-19 ರೋಗಗಳ ಪರೀಕ್ಷೆಗಳು ಈ ವಿಷಯಕ್ಕೆ ಉತ್ತಮ ನಿದರ್ಶನಗಳನ್ನು ಒದಗಿಸುತ್ತವೆ.

ನಾಲ್ಕು ಬಗೆಯ ಫಲಿತಾಂಶ

ಪರೀಕ್ಷೆಯ ಫಲಿತಾಂಶವನ್ನು ವಾಸ್ತವ ಸ್ಥಿತಿಯೊಂದಿಗೆ ಹೋಲಿಸಿದಾಗ ನಾಲ್ಕು ಸಾಧ್ಯತೆಗಳು ಉಂಟಾಗುತ್ತವೆ. ರೋಗವಿದ್ದು ಪರೀಕ್ಷೆಯೂ ಹಾಗೆಯೇ ಹೇಳಿದರೆ ಅದು ನಿಜ ಧನಾತ್ಮಕ. ರೋಗವಿಲ್ಲದೆ ಪರೀಕ್ಷೆಯೂ ಇಲ್ಲವೆಂದರೆ ನಿಜ ಋಣಾತ್ಮಕ. ರೋಗವಿಲ್ಲದವರಿಗೆ ಇದೆಯೆಂದು ಹೇಳುವುದು ಹುಸಿ ಧನಾತ್ಮಕ. ಇರುವವರಿಗೆ ಇಲ್ಲವೆಂದು ಹೇಳುವುದು ಹುಸಿ ಋಣಾತ್ಮಕ. ಆಡುಮಾತಿನಲ್ಲಿ ಇವನ್ನು ಪಾಸಿಟಿವ್, ನೆಗೆಟಿವ್ ಎಂದೇ ಕರೆಯುವುದು ರೂಢಿ. ಇಲ್ಲಿ ‘ಧನಾತ್ಮಕ’ ಎಂಬುದಕ್ಕೆ ಒಳ್ಳೆಯದು ಎಂಬ ಅರ್ಥವಿಲ್ಲ. ಹುಡುಕುತ್ತಿದ್ದ ಅಂಶ ಕಂಡುಬಂದಿದೆ ಎಂದಷ್ಟೇ ಅರ್ಥ.

ವಾಸ್ತವ ಸ್ಥಿತಿಯನ್ನು ತಿಳಿಯಲು ಹೆಚ್ಚು ನಂಬಲರ್ಹವಾದ ಇನ್ನೊಂದು ಪರೀಕ್ಷೆಯನ್ನು ಒರೆಗಲ್ಲಾಗಿ ಬಳಸಲಾಗುತ್ತದೆ. ಇದಕ್ಕೆ ಆಧಾರ ಪರೀಕ್ಷೆ ಎನ್ನಬಹುದು. ಶ್ವಾಸಕೋಶದ ಕ್ಷಯಕ್ಕೆ ಕಫದಲ್ಲಿನ ರೋಗಾಣುವನ್ನು ಪ್ರಯೋಗಾಲಯದಲ್ಲಿ ಬೆಳೆಸಿ ನೋಡುವ ವಿಧಾನ ಅಂತಹ ಆಧಾರ ಪರೀಕ್ಷೆಯಾಗಿದೆ. ಅದಕ್ಕೆ ವಾರಗಟ್ಟಲೆ ಸಮಯ ಹಿಡಿಯುವುದರಿಂದಲೇ ತ್ವರಿತ ಪರೀಕ್ಷೆಗಳ ಅಗತ್ಯ ಬಿದ್ದಿತು.

ಸೂಕ್ಷ್ಮತೆ ಮತ್ತು ನಿರ್ದಿಷ್ಟತೆ

ರೋಗವಿರುವವರಲ್ಲಿ ಎಷ್ಟು ಪಾಲು ಜನರನ್ನು ಪರೀಕ್ಷೆಯು ಸರಿಯಾಗಿ ಗುರುತಿಸುತ್ತದೆ ಎಂಬುದು ಸೂಕ್ಷ್ಮತೆ. ರೋಗವಿಲ್ಲದವರಲ್ಲಿ ಎಷ್ಟು ಪಾಲು ಜನರಿಗೆ ರೋಗವಿಲ್ಲವೆಂದು ಸರಿಯಾಗಿ ಹೇಳುತ್ತದೆ ಎಂಬುದು ನಿರ್ದಿಷ್ಟತೆ.

ಸೂಕ್ಷ್ಮತೆ = ನಿಜ ಧನಾತ್ಮಕ ÷ (ನಿಜ ಧನಾತ್ಮಕ + ಹುಸಿ ಋಣಾತ್ಮಕ)

ನಿರ್ದಿಷ್ಟತೆ = ನಿಜ ಋಣಾತ್ಮಕ ÷ (ನಿಜ ಋಣಾತ್ಮಕ + ಹುಸಿ ಧನಾತ್ಮಕ)

ಸೂಕ್ಷ್ಮತೆ ಬಹಳ ಹೆಚ್ಚಿರುವ ಪರೀಕ್ಷೆಯು ರೋಗವಿಲ್ಲವೆಂದು ಹೇಳಿದರೆ ಆ ಮಾತನ್ನು ಸಾಮಾನ್ಯವಾಗಿ ನಂಬಬಹುದು, ಏಕೆಂದರೆ ಅದರ ಬಲೆಯಿಂದ ತಪ್ಪಿಸಿಕೊಳ್ಳುವ ರೋಗಿಗಳು ಕಡಿಮೆ. ನಿರ್ದಿಷ್ಟತೆ ಬಹಳ ಹೆಚ್ಚಿರುವ ಪರೀಕ್ಷೆಯು ರೋಗವಿದೆಯೆಂದು ಹೇಳಿದರೆ ಆ ಮಾತಿಗೆ ತೂಕ ಹೆಚ್ಚು. ಈ ಎರಡನ್ನೂ ಪರೀಕ್ಷೆಯ ಸ್ವಂತ ಗುಣಗಳೆಂದು ಪಠ್ಯಪುಸ್ತಕಗಳು ಹೇಳುತ್ತವೆ. ಇದು ಪೂರ್ತಿ ನಿಜವಲ್ಲ. ರೋಗ ಉಲ್ಬಣಿಸಿದವರಲ್ಲಿ ಕಾಣುವ ಸೂಕ್ಷ್ಮತೆ, ರೋಗ ಆಗತಾನೇ ಆರಂಭವಾದವರಲ್ಲಿ ಕಾಣುವುದಿಲ್ಲ.

ಒಟ್ಟು ಪರೀಕ್ಷೆಗಳಲ್ಲಿ ಸರಿಯಾದ ಉತ್ತರಗಳ ಪಾಲನ್ನು ‘ಒಟ್ಟಾರೆ ನಿಖರತೆ’ ಎನ್ನುತ್ತಾರೆ. ಜಾಹೀರಾತುಗಳಲ್ಲಿ ಇದನ್ನು ಹೆಚ್ಚಾಗಿ ಬಳಸುತ್ತಾರೆ. ಅಳತೆಗಳಲ್ಲಿ ಅತ್ಯಂತ ದಾರಿತಪ್ಪಿಸುವಂಥದೂ ಇದೇ. ಸಾವಿರಕ್ಕೆ ಇಬ್ಬರಿಗೆ ಮಾತ್ರ ಇರುವ ರೋಗವೊಂದಕ್ಕೆ ಯಾರನ್ನೂ ಪರೀಕ್ಷಿಸದೆ ಎಲ್ಲರಿಗೂ ‘ರೋಗವಿಲ್ಲ’ ಎಂದು ಬರೆದುಕೊಟ್ಟರೂ ಒಟ್ಟಾರೆ ನಿಖರತೆ ಶೇ. 99.8 ಆಗುತ್ತದೆ. ಆ ‘ಪರೀಕ್ಷೆ’ಯ ಸೂಕ್ಷ್ಮತೆ ಮಾತ್ರ ಸೊನ್ನೆ.

ಮುನ್ಸೂಚಕ ಮೌಲ್ಯಗಳು

ವರದಿಯನ್ನು ಕೈಯಲ್ಲಿ ಹಿಡಿದ ವ್ಯಕ್ತಿಗೆ ಬೇಕಾದುದು ಸೂಕ್ಷ್ಮತೆಯಲ್ಲ. ‘ರೋಗವಿರುವವರಲ್ಲಿ ಎಷ್ಟು ಮಂದಿಗೆ ಪಾಸಿಟಿವ್ ಬರುತ್ತದೆ’ ಎಂಬುದು ಒಂದು ಪ್ರಶ್ನೆಯಾದರೆ, ‘ಪಾಸಿಟಿವ್ ಬಂದವರಲ್ಲಿ ಎಷ್ಟು ಮಂದಿಗೆ ನಿಜವಾಗಿ ರೋಗವಿದೆ’ ಎಂಬುದು ಬೇರೆಯೇ ಪ್ರಶ್ನೆ. ಎರಡನೆಯದರ ಉತ್ತರವೇ ಧನಾತ್ಮಕ ಮುನ್ಸೂಚಕ ಮೌಲ್ಯ. ನೆಗೆಟಿವ್ ಬಂದವರಲ್ಲಿ ನಿಜವಾಗಿ ರೋಗವಿಲ್ಲದವರ ಪಾಲು ಋಣಾತ್ಮಕ ಮುನ್ಸೂಚಕ ಮೌಲ್ಯ. ಸೂಕ್ಷ್ಮತೆ ಮತ್ತು ಧನಾತ್ಮಕ ಮುನ್ಸೂಚಕ ಮೌಲ್ಯ ಎರಡರಲ್ಲಿಯೂ ಭಿನ್ನರಾಶಿಯ ಅಂಶ ಒಂದೇ, ಅಂದರೆ ನಿಜ ಧನಾತ್ಮಕ, ಬದಲಾಗುವುದು ಛೇದ. ವಿದ್ಯಾರ್ಥಿಗಳ ಗೊಂದಲದ ಬಹುಪಾಲು ಈ ಛೇದವನ್ನು ಗಮನಿಸದಿರುವುದರಿಂದ ಹುಟ್ಟುತ್ತದೆ.

ಮುನ್ಸೂಚಕ ಮೌಲ್ಯಗಳು ಪರೀಕ್ಷೆಯ ಗುಣವನ್ನಷ್ಟೇ ಅಲ್ಲದೆ, ಪರೀಕ್ಷೆಗೆ ಒಳಗಾದ ಜನಸಮೂಹದಲ್ಲಿ ಆ ರೋಗ ಎಷ್ಟು ಹರಡಿದೆ ಎಂಬುದನ್ನೂ ಅವಲಂಬಿಸಿವೆ. ಬಾಗಲಕೋಟೆ ಜಿಲ್ಲೆಯ ಎಚ್‌ಐವಿ ಪರೀಕ್ಷೆಗಳ ಇತಿಹಾಸ ಇದನ್ನು ಸ್ಪಷ್ಟಪಡಿಸುತ್ತದೆ. ಮುಧೋಳ, ಜಮಖಂಡಿ, ಬೀಳಗಿ ಮೊದಲಾದ ತಾಲ್ಲೂಕುಗಳನ್ನು ಒಳಗೊಂಡ ಈ ಜಿಲ್ಲೆ, ಒಂದು ಕಾಲದಲ್ಲಿ ದೇಶದಲ್ಲಿಯೇ ಎಚ್‌ಐವಿ ಸೋಂಕು ಹೆಚ್ಚಾಗಿದ್ದ ಜಿಲ್ಲೆಗಳಲ್ಲಿ ಒಂದಾಗಿತ್ತು. 2003ರಲ್ಲಿ ಜಿಲ್ಲೆಯ 15ರಿಂದ 49 ವರ್ಷದೊಳಗಿನ ಸಾಮಾನ್ಯ ಜನರಲ್ಲಿ ನಡೆದ ಸಮೀಕ್ಷೆಯಲ್ಲಿ ಸೋಂಕಿನ ಪ್ರಮಾಣ ಸುಮಾರು ಶೇ. 2.9 ಎಂದು ಕಂಡುಬಂದಿತು. ಪಟ್ಟಣಗಳಿಗಿಂತ ಹಳ್ಳಿಗಳಲ್ಲಿ ಅದು ಹೆಚ್ಚಾಗಿತ್ತು. 2005–06ರ ಮೂರನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಇದೇ ವಯೋಮಾನದವರಲ್ಲಿ ಕರ್ನಾಟಕದ ಪ್ರಮಾಣ ಶೇ. 0.69, ಭಾರತದ ಪ್ರಮಾಣ ಶೇ. 0.28. ಇತ್ತೀಚಿನ ವರ್ಷಗಳಲ್ಲಿ ರಾಷ್ಟ್ರೀಯ ಪ್ರಮಾಣ ಶೇ. 0.2ರ ಆಸುಪಾಸಿಗೆ ಇಳಿದಿದೆ.

ಈಗ ಸೂಕ್ಷ್ಮತೆ ಶೇ. 99.5, ನಿರ್ದಿಷ್ಟತೆ ಶೇ. 98 ಇರುವ ಒಂದು ಪರೀಕ್ಷೆಯನ್ನು ಲೆಕ್ಕಕ್ಕಾಗಿ ತೆಗೆದುಕೊಳ್ಳಬಹುದು. ಸೋಂಕು ಶೇ. 3ರಷ್ಟಿರುವ ಒಂದು ಲಕ್ಷ ಜನರಲ್ಲಿ 3,000 ಸೋಂಕಿತರಿರುತ್ತಾರೆ. ಅವರಲ್ಲಿ 2,985 ಮಂದಿಯನ್ನು ಪರೀಕ್ಷೆ ಗುರುತಿಸುತ್ತದೆ. 15 ಮಂದಿ ತಪ್ಪಿಹೋಗುತ್ತಾರೆ. ಸೋಂಕಿಲ್ಲದ 97,000 ಮಂದಿಯಲ್ಲಿ ಶೇ. 2ರಷ್ಟು, ಎಂದರೆ 1,940 ಮಂದಿಗೆ ಹುಸಿಯಾಗಿ ಪಾಸಿಟಿವ್ ಬರುತ್ತದೆ. ಒಟ್ಟು 4,925 ಪಾಸಿಟಿವ್ ವರದಿಗಳಲ್ಲಿ ನಿಜವಾದವು 2,985. ಧನಾತ್ಮಕ ಮುನ್ಸೂಚಕ ಮೌಲ್ಯ ಸುಮಾರು ಶೇ. 61.

ಅದೇ ಪರೀಕ್ಷೆಯನ್ನು ಸೋಂಕು ಶೇ. 0.2 ಇರುವ ಒಂದು ಲಕ್ಷ ಜನರಿಗೆ ಮಾಡಿದರೆ ಚಿತ್ರವೇ ಬದಲಾಗುತ್ತದೆ. 200 ಸೋಂಕಿತರಲ್ಲಿ 199 ಮಂದಿ ಪತ್ತೆಯಾಗುತ್ತಾರೆ, ಆದರೆ ಸೋಂಕಿಲ್ಲದ 99,800 ಮಂದಿಯಲ್ಲಿ 1,996 ಹುಸಿ ಪಾಸಿಟಿವ್ ವರದಿಗಳು ಬರುತ್ತವೆ. 2,195 ವರದಿಗಳಲ್ಲಿ ನಿಜವಾದವು 199, ಎಂದರೆ ಶೇ. 9 ಮಾತ್ರ. ಪರೀಕ್ಷೆ ಬದಲಾಗಿಲ್ಲ, ಪ್ರಯೋಗಾಲಯದವರೂ ತಪ್ಪು ಮಾಡಿಲ್ಲ. ಆದರೂ ಪಾಸಿಟಿವ್ ವರದಿ ಬಂದ ಹನ್ನೊಂದು ಮಂದಿಯಲ್ಲಿ ಹತ್ತು ಮಂದಿಗೆ ಸೋಂಕಿರುವುದಿಲ್ಲ. ರೋಗ ನಿಯಂತ್ರಣಕ್ಕೆ ಬಂದಷ್ಟೂ ಒಂದೇ ಪರೀಕ್ಷೆಯ ಪಾಸಿಟಿವ್ ವರದಿಯ ಬೆಲೆ ಕುಸಿಯುತ್ತದೆ. ಎರಡೂ ಸಂದರ್ಭಗಳಲ್ಲಿ ಋಣಾತ್ಮಕ ಮುನ್ಸೂಚಕ ಮೌಲ್ಯ ಶೇ. 99.9ಕ್ಕಿಂತ ಹೆಚ್ಚು ಎಂಬುದನ್ನೂ ಗಮನಿಸಬೇಕು. ಸೋಂಕು ತಗಲಿದ ಆರಂಭದ ದಿನಗಳಲ್ಲಿ ಪ್ರತಿಕಾಯಗಳು ಇನ್ನೂ ಮೂಡಿರುವುದಿಲ್ಲವಾದ್ದರಿಂದ ಆ ಅವಧಿಯವರಿಗೆ ಮಾತ್ರ ಈ ಮಾತು ಹೊಂದುವುದಿಲ್ಲ. ಅವರಿಗೆ ಕೆಲವು ವಾರಗಳ ಬಳಿಕ ಮರುಪರೀಕ್ಷೆ ಬೇಕಾಗುತ್ತದೆ.

ಸರಣಿ ಪರೀಕ್ಷೆಗಳು

ಹುಸಿ ಪಾಸಿಟಿವ್‌ಗಳ ಸಮಸ್ಯೆಗೆ ಪರಿಹಾರವೆಂದರೆ, ಮೊದಲ ಪರೀಕ್ಷೆಯಲ್ಲಿ ಪಾಸಿಟಿವ್ ಬಂದವರನ್ನು ಬೇರೊಂದು ಪರೀಕ್ಷೆಗೆ ಒಳಪಡಿಸುವುದು. ಮೇಲಿನ ಶೇ. 0.2ರ ಲೆಕ್ಕವನ್ನೇ ಮುಂದುವರಿಸಿ, ಅಷ್ಟೇ ಗುಣಮಟ್ಟದ ಎರಡನೆಯ ಪರೀಕ್ಷೆಯನ್ನು 2,195 ಮಂದಿಗೆ ಮಾಡಿದರೆ ಸುಮಾರು 198 ನಿಜ ಧನಾತ್ಮಕ ಹಾಗೂ 40 ಹುಸಿ ಧನಾತ್ಮಕ ಉಳಿಯುತ್ತವೆ. ಮುನ್ಸೂಚಕ ಮೌಲ್ಯ ಶೇ. 83ಕ್ಕೆ ಏರುತ್ತದೆ. ಮೂರನೆಯ ಪರೀಕ್ಷೆಯ ನಂತರ ಹುಸಿ ವರದಿ ಸರಾಸರಿ ಒಂದಕ್ಕಿಂತ ಕಡಿಮೆಯಾಗಿ, ಮೌಲ್ಯ ಶೇ. 99ನ್ನು ದಾಟುತ್ತದೆ. ಸೋಂಕು ಶೇ. 3 ಇರುವಲ್ಲಿ ಎರಡು ಪರೀಕ್ಷೆಗಳಿಂದಲೇ ಮೌಲ್ಯ ಶೇ. 98.7 ತಲುಪುತ್ತದೆ.

ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯ ಪರೀಕ್ಷಾ ಕ್ರಮಗಳಿಗೆ ಈ ತರ್ಕವೇ ಬುನಾದಿ. ರಕ್ತನಿಧಿಯಲ್ಲಿ ದಾನಿಯ ರಕ್ತಕ್ಕೆ ಒಂದೇ ಪರೀಕ್ಷೆ ಸಾಕು. ಅಲ್ಲಿ ಹುಸಿ ಪಾಸಿಟಿವ್‌ನಿಂದ ಒಂದು ಚೀಲ ರಕ್ತ ವ್ಯರ್ಥವಾಗಬಹುದು, ಹುಸಿ ನೆಗೆಟಿವ್‌ನಿಂದ ಒಂದು ಜೀವ ಅಪಾಯಕ್ಕೆ ಸಿಲುಕಬಹುದು. ರೋಗಲಕ್ಷಣಗಳಿರುವವರಿಗೆ ಎರಡು, ಲಕ್ಷಣಗಳಿಲ್ಲದವರಿಗೆ ಮೂರು ಪರೀಕ್ಷೆಗಳಾದ ಮೇಲೆಯೇ ಸೋಂಕನ್ನು ದೃಢಪಡಿಸಲಾಗುತ್ತದೆ. ಮೊದಲ ಪರೀಕ್ಷೆಗೆ ಸೂಕ್ಷ್ಮತೆ ಹೆಚ್ಚಿರುವ ಕಿಟ್ಟನ್ನೂ ಮುಂದಿನವುಗಳಿಗೆ ನಿರ್ದಿಷ್ಟತೆ ಹೆಚ್ಚಿರುವ ಕಿಟ್ಟುಗಳನ್ನೂ ಆಯ್ಕೆ ಮಾಡುತ್ತಾರೆ. ಮೂರೂ ಕಿಟ್ಟುಗಳು ಬೇರೆ ಬೇರೆ ತತ್ತ್ವ ಅಥವಾ ಬೇರೆ ಬೇರೆ ಪ್ರತಿಜನಕಗಳನ್ನು ಆಧರಿಸಿರಬೇಕು. ಒಂದೇ ಬಗೆಯ ಕಿಟ್ಟನ್ನು ಮೂರು ಬಾರಿ ಬಳಸಿದರೆ ಮೊದಲ ಬಾರಿ ಆದ ತಪ್ಪೇ ಮೂರು ಬಾರಿಯೂ ಆಗಬಹುದು, ಮೇಲಿನ ಗುಣಾಕಾರಕ್ಕೆ ಅರ್ಥವೇ ಉಳಿಯುವುದಿಲ್ಲ.

ಎಲ್ಲರಿಗೂ ಎಲ್ಲರ ಪರಿಚಯವಿರುವ ರನ್ನ ಬೆಳಗಲಿಯಂತಹ ಊರುಗಳಲ್ಲಿ ಈ ಲೆಕ್ಕ ಬರಿಯ ಅಂಕಗಣಿತವಲ್ಲ. ದೃಢಪಡದ ಒಂದು ವರದಿಯ ಸುದ್ದಿ ಹೊರಬಿದ್ದರೆ ಮದುವೆಯ ಮಾತುಕತೆ, ದಾಂಪತ್ಯ, ಕೂಲಿ ಎಲ್ಲಕ್ಕೂ ಧಕ್ಕೆ ಒದಗುತ್ತದೆ. ಹಾಗೆಂದು ಪರೀಕ್ಷೆಯನ್ನೇ ತಪ್ಪಿಸಿಕೊಳ್ಳುವುದೂ ಹಾನಿಕರ. ಗರ್ಭಿಣಿಯಲ್ಲಿ ಸೋಂಕು ಪತ್ತೆಯಾಗದೆ ಉಳಿದರೆ ಅದು ಮಗುವಿಗೂ ದಾಟಬಹುದು. ಸಕಾಲದಲ್ಲಿ ತಿಳಿದರೆ ತಡೆಯಬಹುದು. 2004ರಿಂದ ಸರಕಾರವು ಎಚ್‌ಐವಿ ಸೋಂಕಿತರಿಗೆ ಎಆರ್‌ಟಿ ಔಷಧಗಳನ್ನು ಉಚಿತವಾಗಿ ನೀಡುತ್ತಿದೆ. 2017ರ ಎಚ್‌ಐವಿ ಮತ್ತು ಏಡ್ಸ್ (ತಡೆ ಮತ್ತು ನಿಯಂತ್ರಣ) ಕಾಯ್ದೆಯು ಪರೀಕ್ಷೆಗೆ ವ್ಯಕ್ತಿಯ ತಿಳಿವಳಿಕೆಯುಳ್ಳ ಸಮ್ಮತಿಯನ್ನೂ ಫಲಿತಾಂಶದ ಗೋಪ್ಯತೆಯನ್ನೂ ಕಡ್ಡಾಯಗೊಳಿಸಿದೆ.

ಸಂಭವನೀಯತಾ ಅನುಪಾತಗಳು

ಒಂದು ಫಲಿತಾಂಶವು ರೋಗದ ಶಂಕೆಯನ್ನು ಎಷ್ಟು ಪಟ್ಟು ಹೆಚ್ಚಿಸುತ್ತದೆ ಅಥವಾ ತಗ್ಗಿಸುತ್ತದೆ ಎಂಬುದನ್ನು ಸಂಭವನೀಯತಾ ಅನುಪಾತ ತಿಳಿಸುತ್ತದೆ. ಧನಾತ್ಮಕ ಅನುಪಾತವನ್ನು ಪಡೆಯಲು ಸೂಕ್ಷ್ಮತೆಯನ್ನು (1 − ನಿರ್ದಿಷ್ಟತೆ) ಇಂದ ಭಾಗಿಸಬೇಕು. ಋಣಾತ್ಮಕ ಅನುಪಾತಕ್ಕೆ (1 − ಸೂಕ್ಷ್ಮತೆ)ಯನ್ನು ನಿರ್ದಿಷ್ಟತೆಯಿಂದ ಭಾಗಿಸಬೇಕು. ಮೇಲಿನ ಪರೀಕ್ಷೆಯ ಧನಾತ್ಮಕ ಅನುಪಾತ 0.995 ÷ 0.02, ಅಂದರೆ ಸುಮಾರು 50. ಪರೀಕ್ಷೆಗೆ ಮುಂಚಿನ ಪಂದ್ಯಾನುಪಾತವನ್ನು (ರೋಗವಿರುವವರು : ಇಲ್ಲದವರು) ಇದರಿಂದ ಗುಣಿಸಿದರೆ ಪರೀಕ್ಷೆಯ ನಂತರದ ಪಂದ್ಯಾನುಪಾತ ದೊರೆಯುತ್ತದೆ. 3 : 97 ಎಂಬುದನ್ನು 50ರಿಂದ ಗುಣಿಸಿದರೆ 150 : 97, ಇದು ಮತ್ತೆ ಸುಮಾರು ಶೇ. 61. ಬೇಸನ ಪ್ರಮೇಯದ ಸರಳ ರೂಪವೇ ಇದು. ಧನಾತ್ಮಕ ಅನುಪಾತ 10ಕ್ಕಿಂತ ಹೆಚ್ಚು ಅಥವಾ ಋಣಾತ್ಮಕ ಅನುಪಾತ 0.1ಕ್ಕಿಂತ ಕಡಿಮೆ ಇದ್ದರೆ ಪರೀಕ್ಷೆಯನ್ನು ಪ್ರಬಲವೆಂದು ಪರಿಗಣಿಸುವುದು ವಾಡಿಕೆ. ಅನುಪಾತ 1 ಆಗಿದ್ದರೆ ಪರೀಕ್ಷೆಯಿಂದ ಹೊಸದೇನೂ ತಿಳಿಯಲಿಲ್ಲ ಎಂದರ್ಥ.

ಗಡಿರೇಖೆ ಮತ್ತು ಆರ್‌ಒಸಿ ವಕ್ರರೇಖೆ

ಅನೇಕ ಪರೀಕ್ಷೆಗಳು ‘ಇದೆ–ಇಲ್ಲ’ ಎಂದು ಹೇಳುವುದಿಲ್ಲ. ಒಂದು ಸಂಖ್ಯೆಯನ್ನು ಕೊಡುತ್ತವೆ. ಯಾವ ಸಂಖ್ಯೆಯಿಂದ ಮೇಲೆ ರೋಗವೆನ್ನಬೇಕು ಎಂಬ ಗಡಿಯನ್ನು ಮನುಷ್ಯರೇ ನಿರ್ಧರಿಸುತ್ತಾರೆ. ಮಧುಮೇಹಕ್ಕೆ ಖಾಲಿಹೊಟ್ಟೆಯ ರಕ್ತಸಕ್ಕರೆಯ ಗಡಿ ಮೊದಲು ಡೆಸಿಲೀಟರಿಗೆ 140 ಮಿಲಿಗ್ರಾಂ ಇದ್ದುದನ್ನು 1990ರ ದಶಕದ ಕೊನೆಯಲ್ಲಿ 126ಕ್ಕೆ ಇಳಿಸಲಾಯಿತು. ಗಡಿಯನ್ನು ಇಳಿಸಿದರೆ ಸೂಕ್ಷ್ಮತೆ ಏರುತ್ತದೆ, ನಿರ್ದಿಷ್ಟತೆ ಇಳಿಯುತ್ತದೆ. ಏರಿಸಿದರೆ ಇದರ ವಿಪರ್ಯಾಸ.

ಸಾಧ್ಯವಿರುವ ಎಲ್ಲ ಗಡಿಗಳಿಗೂ ಸೂಕ್ಷ್ಮತೆಯನ್ನು ಲಂಬಾಕ್ಷದಲ್ಲಿ, (1 − ನಿರ್ದಿಷ್ಟತೆ)ಯನ್ನು ಸಮತಲಾಕ್ಷದಲ್ಲಿ ಗುರುತಿಸಿ ಎಳೆದ ರೇಖೆಯೇ ಆರ್‌ಒಸಿ ವಕ್ರರೇಖೆ. ಇದರ ಕೆಳಗಿನ ಕ್ಷೇತ್ರಫಲ 1 ಆಗಿದ್ದರೆ ಪರೀಕ್ಷೆ ಪರಿಪೂರ್ಣ, 0.5 ಆಗಿದ್ದರೆ ನಾಣ್ಯ ಚಿಮ್ಮಿ ಹೇಳಿದಂತೆ. ಯೂಡೆನ್ ಸೂಚ್ಯಂಕವು (ಸೂಕ್ಷ್ಮತೆ + ನಿರ್ದಿಷ್ಟತೆ − 1) ಅತಿ ಹೆಚ್ಚಾಗಿರುವ ಗಡಿಯನ್ನು ಆಯ್ಕೆ ಮಾಡುವ ಪದ್ಧತಿಯೂ ಇದೆ. ಆದರೆ ಈ ಸೂಚ್ಯಂಕವು ಎರಡೂ ಬಗೆಯ ತಪ್ಪುಗಳಿಗೆ ಒಂದೇ ತೂಕ ಕೊಡುತ್ತದೆ. ರಕ್ತನಿಧಿಯ ಉದಾಹರಣೆಯಲ್ಲಿ ಕಂಡಂತೆ ವಾಸ್ತವದಲ್ಲಿ ಅವುಗಳ ತೂಕ ಒಂದೇ ಆಗಿರುವುದಿಲ್ಲ.

ಕೋವಿಡ್-19 ಕಾಲದ ಪರೀಕ್ಷೆಗಳು

2020ರ ಏಪ್ರಿಲ್‌ನಲ್ಲಿ ಚೀನಾದ ಎರಡು ಕಂಪನಿಗಳ ತ್ವರಿತ ಪ್ರತಿಕಾಯ ಕಿಟ್ಟುಗಳ ಸೂಕ್ಷ್ಮತೆಯಲ್ಲಿ ಭಾರಿ ಏರುಪೇರು ಕಂಡುಬಂದ ಕಾರಣ ಅವನ್ನು ಬಳಸದೆ ಹಿಂದಿರುಗಿಸುವಂತೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ರಾಜ್ಯಗಳಿಗೆ ಸೂಚಿಸಿತು. ಅದೇ ವರ್ಷ ಜೂನ್‌ನಲ್ಲಿ ಮಂಡಳಿಯು ಮೊದಲ ತ್ವರಿತ ಪ್ರತಿಜನಕ ಪರೀಕ್ಷೆಗೆ ಅನುಮತಿ ನೀಡಿತು. ಎರಡು ಕೇಂದ್ರಗಳಲ್ಲಿ ನಡೆದ ಮೌಲ್ಯಮಾಪನದಲ್ಲಿ ಅದರ ನಿರ್ದಿಷ್ಟತೆ ಶೇ. 99.3ರಿಂದ 100, ಸೂಕ್ಷ್ಮತೆ ಶೇ. 50.6ರಿಂದ 84 ಎಂದು ದಾಖಲಾಯಿತು.

ಈ ಪರೀಕ್ಷೆಯ ಸ್ವಭಾವ ಎಚ್‌ಐವಿ ಪರೀಕ್ಷೆಗೆ ತದ್ವಿರುದ್ಧ. ಜ್ವರ, ಕೆಮ್ಮು ಇರುವ 1,000 ಮಂದಿಯಲ್ಲಿ 200 ಮಂದಿಗೆ ಸೋಂಕಿದೆ ಎಂದುಕೊಂಡು, ಮೇಲಿನ ಕನಿಷ್ಠ ಅಂಕಿಗಳನ್ನು ಅನ್ವಯಿಸಿದರೆ, 101 ಮಂದಿ ಪತ್ತೆಯಾಗಿ 99 ಮಂದಿ ತಪ್ಪಿಸಿಕೊಳ್ಳುತ್ತಾರೆ. ಹುಸಿ ಪಾಸಿಟಿವ್ ಆರು ಮಾತ್ರ. ಪಾಸಿಟಿವ್ ವರದಿಯನ್ನು ಶೇ. 94ರಷ್ಟು ನಂಬಬಹುದು, ಆದರೆ ನೆಗೆಟಿವ್ ಬಂದ 893 ಮಂದಿಯಲ್ಲಿ 99 ಮಂದಿ ಸೋಂಕಿತರೇ ಆಗಿರುತ್ತಾರೆ. ಪಾಸಿಟಿವ್ ಬಂದರೆ ಅದನ್ನೇ ಅಂತಿಮವೆಂದು ಪರಿಗಣಿಸಬೇಕು, ಲಕ್ಷಣಗಳಿದ್ದೂ ನೆಗೆಟಿವ್ ಬಂದರೆ ಆರ್‌ಟಿ-ಪಿಸಿಆರ್ ಪರೀಕ್ಷೆ ಮಾಡಲೇಬೇಕು ಎಂಬ ನಿಯಮ ಬಂದುದು ಈ ಕಾರಣದಿಂದ. ನೆಗೆಟಿವ್ ವರದಿ ಹಿಡಿದು ನಿಶ್ಚಿಂತೆಯಿಂದ ಮದುವೆ, ತಿಥಿಗಳಿಗೆ ಹೋದವರಿಗೆ ಈ ನಿಯಮದ ಎರಡನೆಯ ಭಾಗ ತಲುಪಿದಂತಿರಲಿಲ್ಲ.

ಸಮೀಕ್ಷೆಗಳಲ್ಲಿ ತಿದ್ದುಪಡಿ

ಜನಸಮೂಹದಲ್ಲಿ ರೋಗದ ಪ್ರಮಾಣವನ್ನು ಅಳೆಯುವಾಗಲೂ ಪರೀಕ್ಷೆಯ ದೋಷಗಳು ಲೆಕ್ಕವನ್ನು ಕೆಡಿಸುತ್ತವೆ. ಇದನ್ನು ಸರಿಪಡಿಸಲು ವಾಲ್ಟರ್ ರೋಗನ್ ಮತ್ತು ಬೆತ್ ಗ್ಲಾಡನ್ 1978ರಲ್ಲಿ ಪ್ರಕಟಿಸಿದ ಸೂತ್ರ ಇಂದಿಗೂ ಬಳಕೆಯಲ್ಲಿದೆ:

ನಿಜ ಪ್ರಮಾಣ = (ಕಂಡುಬಂದ ಪ್ರಮಾಣ + ನಿರ್ದಿಷ್ಟತೆ − 1) ÷ (ಸೂಕ್ಷ್ಮತೆ + ನಿರ್ದಿಷ್ಟತೆ − 1)

ಸೂಕ್ಷ್ಮತೆ ಶೇ. 90, ನಿರ್ದಿಷ್ಟತೆ ಶೇ. 98 ಇರುವ ಪರೀಕ್ಷೆಯಲ್ಲಿ ಶೇ. 10 ಮಂದಿಗೆ ಪಾಸಿಟಿವ್ ಬಂದರೆ ನಿಜ ಪ್ರಮಾಣ ಶೇ. 9.1. ಶೇ. 3 ಮಂದಿಗೆ ಬಂದರೆ ನಿಜ ಪ್ರಮಾಣ ಶೇ. 1.1 ಮಾತ್ರ. ಶೇ. 2 ಮಂದಿಗೆ ಬಂದರೆ ಅವೆಲ್ಲವೂ ಹುಸಿಯೇ ಆಗಿರಬಹುದು.

ಕರ್ನಾಟಕದಲ್ಲಿ 2020ರಲ್ಲಿ ಕೋವಿಡ್ ಬಗ್ಗೆ ಎರಡು ದೊಡ್ಡ ಸಮೀಕ್ಷೆಗಳು ನಡೆದವು. ಜೂನ್ ಮಧ್ಯಭಾಗದಿಂದ ಆಗಸ್ಟ್ ಅಂತ್ಯದವರೆಗೆ ಸಂಶೋಧಕರ ತಂಡವೊಂದು ಮನೆಮನೆಗಳಿಂದ ಮಾದರಿ ಸಂಗ್ರಹಿಸಿ ನಡೆಸಿದ ಅಧ್ಯಯನವು, ಶೇ. 46.7 ಮಂದಿಯಲ್ಲಿ ಪ್ರತಿಕಾಯಗಳಿವೆಯೆಂದು ಅಂದಾಜಿಸಿತು. ಸೆಪ್ಟೆಂಬರ್‌ನಲ್ಲಿ ರಾಜ್ಯ ಸರಕಾರ ನಡೆಸಿದ ಸಮೀಕ್ಷೆಯ ವರದಿಯಂತೆ ಪ್ರತಿಕಾಯವಿದ್ದವರು ಶೇ. 16.4, ಆಗ ಸೋಂಕಿನಲ್ಲಿದ್ದವರನ್ನೂ ಸೇರಿಸಿದರೆ ಶೇ. 27.3. ತಡವಾಗಿ ನಡೆದ ಸಮೀಕ್ಷೆಯಲ್ಲಿ ಕಡಿಮೆ ಪ್ರಮಾಣ ಬಂದುದು ಮೇಲ್ನೋಟಕ್ಕೆ ವಿಚಿತ್ರ. ಆದರೆ ಎರಡರಲ್ಲಿಯೂ ಬಳಸಿದ ಪ್ರತಿಕಾಯ ಪರೀಕ್ಷೆಗಳು ಬೇರೆ. ಮಾದರಿಯ ಆಯ್ಕೆಯೂ ಬೇರೆ. ಸರಕಾರದ ಸಮೀಕ್ಷೆಯು ಗರ್ಭಿಣಿಯರು, ಹೊರರೋಗಿಗಳು ಮುಂತಾದ ಗುಂಪುಗಳನ್ನು ಆಧರಿಸಿತ್ತು. ಯಾವ ಪರೀಕ್ಷೆಯಿಂದ, ಯಾರಲ್ಲಿ ಎಂಬುದನ್ನು ಹೇಳದೆ ಇಂತಹ ಶೇಕಡಾವಾರುಗಳನ್ನು ಹೋಲಿಸಲಾಗದು.

ಕ್ಷಯರೋಗ ಮತ್ತು ತುಮಕೂರಿನ ಅಧ್ಯಯನ

1959ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯು ತುಮಕೂರು ಜಿಲ್ಲೆಯಲ್ಲಿ ವ್ಯಾಪಕ ಅಧ್ಯಯನಗಳನ್ನು ಕೈಗೊಂಡಿತು. ಅಂದು ಕ್ಷಯರೋಗಿಗಳನ್ನು ಪತ್ತೆಹಚ್ಚಲು ಇಡೀ ಜನಸಮೂಹಕ್ಕೆ ಕ್ಷಕಿರಣ ಚಿತ್ರ ತೆಗೆಯಬೇಕೆಂಬ ಅಭಿಪ್ರಾಯ ಪ್ರಬಲವಾಗಿತ್ತು. ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ 1963ರಲ್ಲಿ ಪ್ರಕಟಿಸಿದ ಅಧ್ಯಯನವು, ಅಲ್ಲಿನ ರೋಗಿಗಳಲ್ಲಿ ಬಹುಪಾಲು ಜನರಿಗೆ ತಮ್ಮ ಲಕ್ಷಣಗಳ ಅರಿವಿತ್ತೆಂದೂ ಅರ್ಧದಷ್ಟು ಮಂದಿ ಆಗಲೇ ಸರಕಾರಿ ಆಸ್ಪತ್ರೆಗಳಿಗೆ ಹೋಗಿದ್ದರೆಂದೂ ತೋರಿಸಿತು. ಹಳ್ಳಿಯ ಜನ ಅಜ್ಞಾನದಿಂದ ಆಸ್ಪತ್ರೆಗೆ ಬರುವುದಿಲ್ಲ ಎಂಬ ನಂಬಿಕೆಯನ್ನು ಅದು ಅಲ್ಲಗಳೆಯಿತು.

ಈ ಅಧ್ಯಯನದ ಸಂಖ್ಯಾಶಾಸ್ತ್ರೀಯ ಮಹತ್ವವನ್ನು ಪ್ರತ್ಯೇಕವಾಗಿ ಹೇಳಬೇಕು. ಕೆಮ್ಮಿನಿಂದ ತಾವಾಗಿಯೇ ಆಸ್ಪತ್ರೆಗೆ ಬಂದವರ ಗುಂಪಿನಲ್ಲಿ ಕ್ಷಯದ ಪ್ರಮಾಣ ಊರಿನ ಒಟ್ಟು ಜನರಲ್ಲಿರುವುದಕ್ಕಿಂತ ಬಹಳ ಹೆಚ್ಚು. ಅಲ್ಲಿ ಅಗ್ಗದ ಕಫಪರೀಕ್ಷೆಯ ಮುನ್ಸೂಚಕ ಮೌಲ್ಯವೂ ಹೆಚ್ಚುತ್ತದೆ. ಸೂಕ್ಷ್ಮದರ್ಶಕದಡಿ ಕಫವನ್ನು ನೋಡುವ ವಿಧಾನದ ನಿರ್ದಿಷ್ಟತೆ ಚೆನ್ನಾಗಿದ್ದರೂ ಸೂಕ್ಷ್ಮತೆ ಸಾಧಾರಣ. ಈ ಕೊರತೆಯನ್ನು ತುಂಬಲು ಸಿಬಿ-ನಾಟ್, ಟ್ರೂನಾಟ್ ಎಂಬ ಅಣುಪರೀಕ್ಷೆಗಳು ಬಂದಿವೆ. ಸಿಬಿ-ನಾಟ್‌ಗೆ ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಶಿಫಾರಸು ನೀಡಿತು.

ಮಿತಿಗಳು

ಮೌಲ್ಯಮಾಪನದಲ್ಲಿ ತೀವ್ರ ರೋಗಿಗಳನ್ನೂ ಪೂರ್ಣ ಆರೋಗ್ಯವಂತರನ್ನೂ ಮಾತ್ರ ಸೇರಿಸಿಕೊಂಡರೆ ಪರೀಕ್ಷೆ ಇರುವುದಕ್ಕಿಂತ ಉತ್ತಮವಾಗಿ ಕಾಣುತ್ತದೆ. ಪಾಸಿಟಿವ್ ಬಂದವರನ್ನಷ್ಟೇ ಆಧಾರ ಪರೀಕ್ಷೆಗೆ ಒಳಪಡಿಸುವುದು ಇನ್ನೊಂದು ದೋಷ. ಆಗ ತಪ್ಪಿಹೋದ ರೋಗಿಗಳು ಲೆಕ್ಕಕ್ಕೇ ಸಿಗುವುದಿಲ್ಲ. ಸಣ್ಣ ಮಾದರಿಗಳ ಅಂಕಿಗಳನ್ನೂ ಎಚ್ಚರದಿಂದ ಓದಬೇಕು. 20 ರೋಗಿಗಳಲ್ಲಿ 20 ಮಂದಿಯನ್ನೂ ಗುರುತಿಸಿದ ಪರೀಕ್ಷೆಯ ಸೂಕ್ಷ್ಮತೆ ಶೇ. 100 ಎಂದು ಬರೆಯಬಹುದು, ಆದರೆ ಅದರ ಶೇ. 95ರ ವಿಶ್ವಾಸಾಂತರದ ಕೆಳಮಿತಿ ಶೇ. 83.

ಸ್ಥಳೀಯ ಸನ್ನಿವೇಶವೂ ಮುಖ್ಯ. ವಿಷಮಶೀತ ಜ್ವರಕ್ಕೆ ಮಾಡುವ ವಿಡಾಲ್ ಪರೀಕ್ಷೆ 1896ರಷ್ಟು ಹಳೆಯದು. ಊರೂರಿನ ಪ್ರಯೋಗಾಲಯಗಳಲ್ಲಿ ಇಂದಿಗೂ ಬಹಳ ಬಳಕೆಯಲ್ಲಿದೆ. ಟೈಫಾಯ್ಡ್ ಸಾಮಾನ್ಯವಾಗಿರುವ ಪ್ರದೇಶದಲ್ಲಿ ಹಿಂದಿನ ಸೋಂಕಿನ ಪ್ರತಿಕಾಯಗಳು ಆರೋಗ್ಯವಂತರ ರಕ್ತದಲ್ಲಿಯೂ ಇರುವುದರಿಂದ, ಒಂದೇ ಸಲದ ವಿಡಾಲ್ ವರದಿಯನ್ನು ನಂಬಿ ಪ್ರತಿಜೀವಕ ಔಷಧ ಕೊಡುವುದು ಸರಿಯಲ್ಲ.

ಇತಿಹಾಸ

ಸೂಕ್ಷ್ಮತೆ, ನಿರ್ದಿಷ್ಟತೆ ಎಂಬ ಪದಗಳನ್ನು ಇಂದಿನ ಸಂಖ್ಯಾಶಾಸ್ತ್ರೀಯ ಅರ್ಥದಲ್ಲಿ ಬಳಕೆಗೆ ತಂದವರು ಅಮೆರಿಕದ ಜೇಕಬ್ ಯೆರುಶಾಲ್ಮಿ. 1947ರ ಅವರ ಲೇಖನದ ವಿಷಯ ಎದೆಯ ಕ್ಷಕಿರಣ ಚಿತ್ರಗಳ ಮೂಲಕ ರೋಗ ಗುರುತಿಸುವುದಕ್ಕೆ ಸಂಬಂಧಿಸಿತ್ತು. ಯೂಡೆನ್ ತಮ್ಮ ಸೂಚ್ಯಂಕವನ್ನು 1950ರಲ್ಲಿ ಮಂಡಿಸಿದರು. ಆರ್‌ಒಸಿ ವಕ್ರರೇಖೆಯ ಮೂಲ ಎರಡನೆಯ ಮಹಾಯುದ್ಧದ ಕಾಲದ ರೇಡಾರ್ ಸಂಕೇತಗಳ ಅಧ್ಯಯನದಲ್ಲಿದೆ. ಇಬ್ಬರು ಪರೀಕ್ಷಕರ ನಡುವಿನ ಹೊಂದಾಣಿಕೆಯನ್ನು ಅಳೆಯುವ ಕೋಹೆನ್‌ರ ಕಪ್ಪಾ ಗುಣಾಂಕ 1960ರದು. ವ್ಯಕ್ತಿಯೊಬ್ಬರನ್ನು ಹಲವು ಅಳತೆಗಳ ಆಧಾರದ ಮೇಲೆ ಸರಿಯಾದ ಗುಂಪಿಗೆ ಸೇರಿಸುವ ಸಮಸ್ಯೆಯ ಬಗ್ಗೆ, ಹೂವಿನ ಹಡಗಲಿಯಲ್ಲಿ ಜನಿಸಿದ ಸಿ. ಆರ್. ರಾವ್ (1920–2023) 1948ರಲ್ಲಿ ಪ್ರಕಟಿಸಿದ ಸಂಶೋಧನೆಯೂ ಈ ಕ್ಷೇತ್ರಕ್ಕೆ ಹತ್ತಿರದ್ದೇ. ಪರೀಕ್ಷೆಗಳ ಮೌಲ್ಯಮಾಪನ ವರದಿಗಳಲ್ಲಿ ಏನೇನು ವಿವರಗಳಿರಬೇಕೆಂಬ ‘ಸ್ಟಾರ್ಡ್’ ಮಾರ್ಗಸೂಚಿಯು 2003ರಲ್ಲಿ ಪ್ರಕಟವಾಗಿ 2015ರಲ್ಲಿ ಪರಿಷ್ಕರಣೆಗೊಂಡಿತು.